ತಿರುಗಿ ಹೇಳುವ ಮಾಮನ ಇಂಗ್ಲಿಷ್ ಪರೀಕ್ಷೆ

ನನ್ನ ಸೋದರಮಾವನಿಗೆ ಒಂದು ಮಾತು ಹೇಳಿದರೆ ಅದು ಅವನ ಕಿವಿಗೆ ಹೋಗಿ ಅಲ್ಲೇ ಕೂರುವುದಿಲ್ಲ. ಬಾಯಿಂದ ಹೊರಗೆ ಬಂದೇ ಬರುತ್ತದೆ. "ಮಾಮ, ಬರುವಾಗ ಕರಿಬೇವು ತಗೊಂಡ್ ಬಾ" ಎಂದರೆ, "ಬರುವಾಗ ಕರಿಬೇವು ತರಬೇಕು" ಎಂದು ಹೇಳಿ ನಮ್ಮ ಮುಖ ನೋಡುತ್ತಾನೆ. ನಾವು ಹೂಂ ಅಂದ ಮೇಲೇ ಚಪ್ಪಲಿ ಮೆಟ್ಟುವುದು. ಹೂಂ ಅನ್ನಲು ಮರೆತು ಒಳಗೆ ಹೋದರೆ ಹೊಸ್ತಿಲಲ್ಲಿ ಹಾಗೆಯೇ ನಿಂತಿರುತ್ತಾನೆ. ಒಮ್ಮೆ ಅತ್ತಿ, ಅಂದರೆ ಅವನ ಹೆಂಡತಿ, ಹಾಲು ಉಕ್ಕಿತೆಂದು ಅಡುಗೆಮನೆಗೆ ಓಡಿಹೋಗಿ ಮತ್ತೆ ಹೊರಗೆ ಬಂದು ನೋಡಿದರೆ ಗಂಡ ಕಾಲು ಗಂಟೆಯಿಂದ ಚೀಲ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ.

ಅವನ ಮದುವೆಯ ಕಥೆಯನ್ನು ಕಂಪ್ಲಿಯ ನಮ್ಮ ಅಜ್ಜಿ ಇವತ್ತಿಗೂ ಹೇಳುತ್ತಾಳೆ. ಅಯ್ಯನವರು ಮಂತ್ರ ಹೇಳಿದಂತೆಲ್ಲ ಮದುಮಗ ಒಂದಕ್ಷರ ಬಿಡದೆ ತಿರುಗಿ ಹೇಳಿದನಂತೆ. ಇಂಥ ಭಕ್ತಿವಂತ ಮದುಮಗನನ್ನು ಕಂಡಿಲ್ಲವೆಂದು ಅಯ್ಯನವರಿಗೆ ಕಣ್ಣು ತುಂಬಿ ಬಂತು. ನಡುವೆ ಅವರು ಯಾರಿಗೋ, "ಆ ತೆಂಗಿನಕಾಯಿ ಈ ಕಡೆ ಸರಸ್ರಿ" ಎಂದರು. ಮಾಮ ಕೈ ಮುಗಿದುಕೊಂಡೇ, ಅದೇ ರಾಗದಲ್ಲಿ, "ಆ ತೆಂಗಿನಕಾಯಿ ಈ ಕಡೆ ಸರಸ್ರಿ" ಎಂದ. ಅಯ್ಯನವರ ಕಣ್ಣೀರು ಅಲ್ಲಿಗೇ ನಿಂತಿತು.

ಇದು ಅವನ ಹುಟ್ಟುಗುಣವಲ್ಲ, ಗುಡ್ಡ ಕಲಿಸಿದ್ದು. ಸಂಡೂರಿನ ಹತ್ತಿರ ಯಶವಂತನಗರದ ಮೇಲಿನ ಗಣಿಯಲ್ಲಿ ಮಾಮ ಮೇಟ್. ಮೇಟ್ ಎಂದರೆ ಒಂದು ಪಾಳಿಯ ಕೆಲಸಗಾರರಿಗೆಲ್ಲ ಹಿರಿಯ. ಅವರು ಬೆಳಿಗ್ಗೆ ಹೇಗೆ ಮೇಲೆ ಹೋದರೋ ಸಂಜೆ ಹಾಗೆಯೇ ಕೆಳಗೆ ಬರಬೇಕು, ಅದು ಅವನ ಹೊಣೆ. ಮಧ್ಯಾಹ್ನ ಕಲ್ಲು ಸಿಡಿಸುವ ಮುಂಚೆ ಗುಡ್ಡದ ನಾಲ್ಕು ಕಡೆ ನಾಲ್ಕು ಮಂದಿ ಕೆಂಪು ಬಾವುಟ ಹಿಡಿದು ನಿಲ್ಲುತ್ತಾರೆ. ಮಾಮ ವಾಕಿಟಾಕಿಯಲ್ಲಿ ಒಬ್ಬೊಬ್ಬರನ್ನೇ ಕರೆದು, "ದಾರಿ ಬಂದ್ ಮಾಡ್ರಿ" ಎನ್ನುತ್ತಾನೆ. ಅವರು, "ದಾರಿ ಬಂದ್ ಮಾಡೀವಿ, ಕೆರಿ ಕಡೆ", "ದಾರಿ ಬಂದ್ ಮಾಡೀವಿ, ರಸ್ತಿ ಕಡೆ" ಎಂದು ತಿರುಗಿ ಹೇಳಬೇಕು. ನಾಲ್ಕೂ ಬಾಯಿ ಬಂದ ಮೇಲೇ ಮಾಮ ಸಿಡಿಮದ್ದಿನ ಗುಂಡಿ ಒತ್ತುವ ಬ್ಲಾಸ್ಟರಿಗೆ ಹೂಂ ಅನ್ನುವುದು. ಮೂರು ಬಂದು ಒಂದು ಬರದಿದ್ದರೆ ಹೊತ್ತು ಮುಳುಗಿದರೂ ಕಲ್ಲು ಸಿಡಿಯುವುದಿಲ್ಲ. ಅವನಿಗೆ ಕೆಲಸ ಕಲಿಸಿದ ವಡ್ಡು ಊರಿನ ಕಡೆಯ ಹಿರಿಯ ಮೇಟ್ ಒಬ್ಬ, "ನೀ ಕೇಳಿದಿ ಅಂತ ನನಗ ಹೆಂಗ ಗೊತ್ತಾಗಬೇಕಲೇ? ತಿರುಗಿ ಹೇಳು" ಎಂದು ತಲೆಗೆ ಮೊಟಕಿ ಮೊಟಕಿ ಹಾಕಿದ ರೂಢಿಯಿದು. ಆ ಹಿರಿಯ ಹೋದ, ಮೊಟಕಿದ್ದು ಉಳಿಯಿತು. ಮಾಮನ ಪಾಳಿಯಲ್ಲಿ ಇಷ್ಟು ವರ್ಷಗಳಲ್ಲಿ ಒಬ್ಬರ ಹಣೆಗೂ ಒಂದು ಹರಳು ತಾಗಿರಲಿಲ್ಲ.

ಹೀಗಿರುವಾಗ ಹೋದ ವರ್ಷ ಕಂಪನಿಯ ಮೇಲಿನ ಆಫೀಸಿನಲ್ಲಿ ಯಾರಿಗೋ ಒಂದು ವಿಚಾರ ಹೊಳೆಯಿತು. ಗಣಿಯಲ್ಲಿ ಅಪಘಾತವಾಗುವುದು ಒಂದು ಮಾತನ್ನು ಇನ್ನೊಂದು ಎಂದು ಕೇಳಿಸಿಕೊಳ್ಳುವುದರಿಂದ. ಒಂದೇ ರೀತಿ ಕೇಳಿಸುವ ಮಾತುಗಳು ಇಂಗ್ಲಿಷಿನಲ್ಲಿ ಬಹಳ ಇವೆ. ಆದ್ದರಿಂದ ಎಲ್ಲ ಮೇಟುಗಳೂ ಬಾವುಟದವರೂ ಅವನ್ನು ಕಲಿತು ಪರೀಕ್ಷೆ ಪಾಸಾಗಬೇಕು. ಈ ಗುಡ್ಡದಲ್ಲಿ ಇಂಗ್ಲಿಷ್ ಮಾತಾಡುವವರು ಯಾರೂ ಇಲ್ಲ ಎಂಬ ಸಣ್ಣ ಸಂಗತಿ ಆ ವಿಚಾರದ ದಾರಿಗೆ ಅಡ್ಡ ಬರಲಿಲ್ಲ. ತರಬೇತಿ ಕೊಡುವ ಒಂದು ಸಂಸ್ಥೆಯವರು ಬಂದು ಇಪ್ಪತ್ತೆರಡು ಮಂದಿಗೆ ನುಣುಪು ಹಾಳೆಯ ಒಂದೊಂದು ಪುಸ್ತಕ ಹಂಚಿದರು. ಫೇಲಾದವರು ಬಾವುಟ, ಸೀಟಿ, ವಾಕಿಟಾಕಿ ಮೂರನ್ನೂ ಒಪ್ಪಿಸಿ ಕಂಪನಿಯ ಗೆಸ್ಟ್‌ಹೌಸಿನ ತೋಟಕ್ಕೆ ನೀರು ಹಾಕಲು ಹೋಗಬೇಕು.

ಮಾಮ ಹೊಸಪೇಟೆಗೆ, ನನಗೆ, ಫೋನ್ ಮಾಡಿದ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು.

"ಯವ್ವಾ, ನನಗ ಇಂಗ್ಲಿಷ್ ಕಲಸು."

"ನಾ ಕನ್ನಡ ಟೀಚರ್ ಅಲ್ಲೇನು ಮಾಮ?"

"ನೀ ಕನ್ನಡ ಟೀಚರ್ ಅದಿ" ಎಂದು ತಿರುಗಿ ಹೇಳಿದ. "ಅದಕ್ಕ ಕೇಳಾಕತ್ತೀನಿ. ಇಂಗ್ಲಿಷಿನವರು ಕಲಸಿದ್ರ ನನಗ ತಿಳೀತೈತೇನು?"

ಹೀಗೆ ಭಾನುವಾರಗಳಂದು ಕಂಪ್ಲಿಯ ಅಜ್ಜಿಯ ಮನೆಯಲ್ಲಿ ಶಾಲೆ ಶುರುವಾಯಿತು. ಪಡಸಾಲೆಯಲ್ಲಿ ಚಾಪೆ, ಚಾಪೆಯ ಮೇಲೆ ಐವತ್ತಾರು ವರ್ಷದ ವಿದ್ಯಾರ್ಥಿ, ಕಂಬಕ್ಕೆ ಒರಗಿ ಅಕ್ಕಿ ಆರಿಸುತ್ತ ಅಜ್ಜಿ. ನನಗೆ ಮಾತು ಕಲಿಸಿದವಳು ಆಕೆಯೇ. ತಪ್ಪು ಮಾತಾಡಿದರೆ ಮೊರದಿಂದ ತಲೆಯೆತ್ತದೆಯೇ ತಿದ್ದುತ್ತಿದ್ದವಳು. ಈಗ ಇಂಗ್ಲಿಷ್ ಭಾಷೆಯನ್ನೂ ಹಾಗೆಯೇ ತಿದ್ದಲು ಕೂತಳು.

ಮಾಮನಿಗೆ ಓದಲು ಅನುಕೂಲವಾಗಲೆಂದು ನಾನು ಪುಸ್ತಕದ ಮಾತುಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸಿದ್ದೆ. ಎರಡು ರಾತ್ರಿ ಕೂತು ಬರೆದದ್ದು. ಅಜ್ಜಿ ಕನ್ನಡಕ ಏರಿಸಿ ನೋಡಿದಳು. ಎಡಗಡೆ ಮೈನ್, ಬಲಗಡೆ ಮೈನ್. ಎಡಗಡೆ ಸ್ಟೀಲ್, ಬಲಗಡೆ ಸ್ಟೀಲ್. ಕೊನೆಯ ಹಾಳೆಯ ತನಕ ಹೀಗೆಯೇ.

"ಅಲ್ಲಲೇ ಹುಡುಗಿ, ಒಂದನ ಎಲ್ಡು ಸಲ ಯಾಕ ಬರದೀ? ಪುಸ್ತಕ ತುಂಬಸಾಕಾ?"

"ಬರಿಯೋದು ಬ್ಯಾರೆ ಬ್ಯಾರೆ ಐತಜ್ಜಿ, ಇಂಗ್ಲಿಷಿನಾಗ. ಕೇಳೋದು ಮಾತ್ರ ಒಂದ."

"ಹಂಗಂದ್ರ ನೀ ಬರದಿದ್ದು ಸುಳ್ಳು."

ಅದು ನಿಜವಾಗಿತ್ತು. ನೋಟ್‌ಬುಕ್ಕನ್ನು ಮಡಚಿಟ್ಟು, ಬಾಯಿಪಾಠಕ್ಕೆ ಇಳಿದೆ.

"ಮೈನ್ ಅಂದ್ರ ಗಣಿ. ಮೈನ್ ಅಂದ್ರ ನಂದು" ಎಂದೆ.

"ಮೈನ್ ಅಂದ್ರ ಗಣಿ, ಮೈನ್ ಅಂದ್ರ ನಂದು" ಎಂದ ಮಾಮ, ತಲೆ ಕೆರೆದುಕೊಂಡು, "ಗಣಿ ನಂದಲ್ಲಲ್ಲವ್ವಾ. ಮೂವತ್ತು ವರ್ಷ ಆತು, ಒಂದು ದಿನಾನೂ ಯಾರೂ ಹಂಗ ಅಂದಿಲ್ಲ" ಎಂದ.

"ವೇಟ್ ಅಂದ್ರ ತೂಕ. ವೇಟ್ ಅಂದ್ರ ಕಾಯೋದು."

ಇದನ್ನು ಅವನು ಕೂಡಲೇ ಒಪ್ಪಿದ. "ಇದು ಖರೆ. ತೂಕಕ್ಕ ನಿಂತ ಲಾರಿ ಕಾಯೋದ್ ಬಿಟ್ಟು ಬ್ಯಾರೆ ಏನೂ ಮಾಡಂಗಿಲ್ಲ. ಇಂಗ್ಲಿಷಿನವರು ಯಶವಂತನಗರಕ್ಕ ಬಂದು ನೋಡಿನ ಇಟ್ಟಾರ ಹೆಸರು."

"ಸ್ಟೀಲ್ ಅಂದ್ರ ಉಕ್ಕು. ಸ್ಟೀಲ್ ಅಂದ್ರ ಕದಿಯೋದು."

ಮಾಮ ತಿರುಗಿ ಹೇಳಲಿಲ್ಲ. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಇದು ಕಂಪನಿ ಕೊಟ್ಟ ಪುಸ್ತಕದಾಗನ ಐತಾ?" ಎಂದ. ತೋರಿಸಿದೆ. "ಅವರ ಬರದಾರ ಅಂದ ಮ್ಯಾಲ ನಾವ್ಯಾಕ ಬ್ಯಾಡ ಅನ್ನೋದು" ಎಂದು ಆಮೇಲೆ ಹೇಳಿದ.

ಗಲಾಟೆಯಾದದ್ದು ಮೀಟ್ ಬಂದಾಗ. ಮೀಟ್ ಅಂದರೆ ಭೇಟಿಯಾಗೋದು, ಮೀಟ್ ಅಂದರೆ ಮಾಂಸ ಎಂದು ನಾನು ಹೇಳಿದ್ದೇ ತಡ, ಅಜ್ಜಿ ಮೊರವನ್ನು ಕೆಳಗಿಟ್ಟಳು. ನಮ್ಮ ಮನೆಯಲ್ಲಿ ಬೆಳ್ಳುಳ್ಳಿಯ ಹೆಸರು ತೆಗೆಯುವಾಗಲೂ ದನಿ ತಗ್ಗಿಸುವ ರೂಢಿ.

"ಎಲ್ಡಕ್ಕೂ ಒಂದ ಮಾತಾ? ಅವರು ಬೀಗರ ಮನಿಗೆ ಭೇಟಿ ಆಗಾಕ ಹೋಗ್ತಾರೋ ತಿನ್ನಾಕ ಹೋಗ್ತಾರೋ? ಗೊತ್ತಾಗೋದು ಹೆಂಗ?"

"ಮಾತಿನ ಹಿಂದ ಮುಂದ ನೋಡಿ ತಿಳ್ಕೋಬೇಕಜ್ಜಿ."

"ಹಿಂದ ಮುಂದ ನೋಡೋದ್ರಾಗ ತಿಂದು ಮುಗಿಸಿರ್ತಾರ!" ಎಂದವಳೇ, ಆ ಜೋಡಿಯನ್ನು ಪಡಸಾಲೆಯಲ್ಲಿ ಹೇಳಕೂಡದೆಂದು ಕಟ್ಟಪ್ಪಣೆ ಮಾಡಿದಳು. ಅದನ್ನು ನಾವು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಕಲಿತೆವು.

ನನ್ನ ಪಾಂಡಿತ್ಯ ಮುಗಿದದ್ದು ರೈಟ್ ಎಂಬಲ್ಲಿ. ಬಲಗಡೆಯೂ ರೈಟ್, ಸರಿಯೂ ರೈಟ್, ಬರೆಯುವುದೂ ರೈಟ್, ಪೂಜೆ ಪುನಸ್ಕಾರವೂ ರೈಟ್ ಎಂದು ಪುಸ್ತಕದಲ್ಲಿತ್ತು. ಮಾಮ ನಾಲ್ಕನ್ನೂ ತಿರುಗಿ ಹೇಳಿ ಮುಗಿಸಿ, "ಬಸ್ಸಿನ ಕಂಡಕ್ಟರ್ ಅಂತಾನಲ್ಲ, ಅದು ಯಾವದು?" ಎಂದು ಕೇಳಿದ. ನಾನು ಉತ್ತರ ಹುಡುಕಿ ಹೇಳುತ್ತೇನೆಂದೆ. ಮೇಷ್ಟ್ರುಗಳು ಹೀಗೆ ಹೇಳಿದರೆ ಏನರ್ಥವೆಂದು ಎಲ್ಲರಿಗೂ ಗೊತ್ತು.

ಕಿವಿಗೆ ಇಂಗ್ಲಿಷ್ ಬೀಳಲೆಂದು ಒಂದು ಭಾನುವಾರ ಅವನನ್ನು ಹಂಪಿಗೆ ಕರೆದುಕೊಂಡು ಹೋದೆ. ಕಡ್ಡಿರಾಂಪುರದಲ್ಲಿ ಚಹಾ ಕುಡಿದು, ಹೊಳೆದಂಡೆಯ ಮೆಟ್ಟಿಲ ಮೇಲೆ ಹೋಗಿ ಕೂತೆವು. ಪರದೇಶದವರು ಬಂದರು, ಹೋದರು. ನೀರು ನೋಡಿದರು, ಬಂಡೆ ನೋಡಿದರು, ಯಾರೂ ಒಂದು ಮಾತಾಡಲಿಲ್ಲ. ಮಾಮ ಕೊನೆಗೆ ಹರಿಗೋಲಿನವನನ್ನು ಹಿಡಿದ. ಓರ್ ಅಂದರೆ ಅದಿರು, ಓರ್ ಅಂದರೆ ಹರಿಗೋಲು ನಡೆಸುವ ಹುಟ್ಟು ಎಂದು ಹಿಂದಿನ ವಾರ ಕಲಿತಿದ್ದನಲ್ಲ.

"ಏನಣ್ಣ, ನಿನ್ನ ಕೈಯಾಗಿರೋದಕ್ಕ ಅವರು ಓರ್ ಅಂತಾರೇನು?"

ಹರಿಗೋಲಿನವನು ಕೈಯಲ್ಲಿದ್ದ ಹುಟ್ಟನ್ನು ಹೊಸದಾಗಿ ಕಂಡವನಂತೆ ನೋಡಿದ. "ಎಷ್ಟೋ ವರ್ಷದಿಂದ ಅವರನ್ನ ದಾಟಸ್ತೀನಿ. ಹೊಳಿ ನಡುವ ಒಂದು ಸಲ ಗಿರ್ ಅಂತ ತಿರುಗಸ್ತೀನಿ. ಆಗ 'ಓ' ಅಂತಾರ. ಮುಂದಿನ ಅಕ್ಷರ ಯಾರೂ ಅಂದಿಲ್ಲ ನೋಡ್ರಿ."

ಪರೀಕ್ಷೆಯ ದಿನ ನಾನು ರಜೆ ಹಾಕಿ ಮಾಮನ ಜೊತೆ ಹೋದೆ. ಯಶವಂತನಗರದ ತರಬೇತಿ ಹಾಲಿನಲ್ಲಿ ಇಪ್ಪತ್ತೆರಡು ಮಂದಿ, ಹೆಲ್ಮೆಟ್ಟುಗಳನ್ನು ಬೆಂಚಿನ ಕೆಳಗಿಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಕೂತಿದ್ದರು. ಮಾಮ ಮೊದಲ ಬೆಂಚು. ನಾನು ವರಾಂಡದಲ್ಲಿ, ಕಿಟಕಿಯ ಹತ್ತಿರ. ಪರೀಕ್ಷೆ ಮಾಡಲು ಬಂದ ತರಬೇತುದಾರ ಬೇರೆ ಊರಿನವನು, ಕೊರಳಿಗೆ ಟೈ, ತುಂಬ ಸೌಮ್ಯ. ಅವನು ಒಂದು ಮಾತು ಹೇಳಿ, ಅದನ್ನು ಒಂದು ವಾಕ್ಯದಲ್ಲಿ ಬಳಸುವುದು. ಹಾಳೆಯಲ್ಲಿ ಎರಡು ಕಾಗುಣಿತ ಇರುತ್ತವೆ, ಸರಿಯಾದದ್ದಕ್ಕೆ ಇವರು ಗುರುತು ಹಾಕುವುದು. ಅಷ್ಟೇ ಪರೀಕ್ಷೆ.

"ನಂಬರ್ ವನ್" ಎಂದ ಅವನು.

"ನಂಬರ್ ವನ್" ಎಂದ ಮಾಮ.

ಮೊದಲ ಬೆಂಚಿನಿಂದ ಹಿರಿಯನ ದನಿ ಎದ್ದ ಮೇಲೆ ಹಿಂದಿನವರು ಸುಮ್ಮನಿರುವುದು ಹೇಗೆ? ವರ್ಷಗಟ್ಟಲೆ ಅವನ ಕೈಕೆಳಗೆ ಪಳಗಿದವರು. "ನಂಬರ್ ವನ್!" ಎಂದಿತು ಹಾಲು.

ತರಬೇತುದಾರ ತಲೆಯೆತ್ತಿ ನೋಡಿದ. "ವೇಟ್" ಎಂದ.

"ವೇಟ್!" ಎಂದರು ಇಪ್ಪತ್ತೆರಡು ಮಂದಿ. ಮಾಮ ಅದಕ್ಕೆ, "ತೂಕದ್ದಲ್ಲರೀ, ಕಾಯೋದು?" ಎಂದು ಸೇರಿಸಿ, ಹೂಂ ಬರಲೆಂದು ಅವನ ಮುಖವನ್ನೇ ನೋಡಿದ. ಹಿಂದಿನ ಬೆಂಚಿನಿಂದ, "ಕಾಯೋದು, ಹಿಂದಿನ ಬೆಂಚು!" ಎಂದು ಬಂತು.

"ಸೈಲೆನ್ಸ್!"

"ಸೈಲೆನ್ಸ್!"

"ನೋ ಟಾಕಿಂಗ್!"

"ನೋ ಟಾಕಿಂಗ್!" ಈ ಸಲ ಕಿಟಕಿಯ ಗಾಜು ನಡುಗಿತು. ಇಂಥ ದೊಡ್ಡ ಹುಕುಮನ್ನು ಸಣ್ಣ ದನಿಯಲ್ಲಿ ತಿರುಗಿ ಹೇಳಿದರೆ ಮರ್ಯಾದೆಯಲ್ಲವೆಂದು ಎಲ್ಲರೂ ಎದ್ದು ನಿಂತು ಹೇಳಿದ್ದರು. ನಾನು ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡೆ. ತರಬೇತುದಾರ ಹಾಳೆಗಳನ್ನು ಕಿತ್ತುಕೊಂಡು ಮ್ಯಾನೇಜರ್ ಸಾಹೇಬರ ಕೋಣೆಗೆ ನಡೆದ.

ಅಲ್ಲಿಗೆ ಮಾಮನನ್ನು ಕರೆಸಿದರು. ಹಿಂದೆಯೇ ಹೋದ ನನ್ನನ್ನು ನೋಡಿ ಮ್ಯಾನೇಜರ್, "ನೀವು ಇವರ ಗಾರ್ಡಿಯನ್ನಾ?" ಎಂದು ಕೇಳಿದರು. ಹೌದೆಂದೆ. ಇನ್ನೇನು ಹೇಳಲಿ.

"ಸರ್, ಇದು ಮಾಸ್ ಕಾಪಿ" ಎಂದ ತರಬೇತುದಾರ. "ಇವರೇ ಲೀಡರ್. ಉತ್ತರ ಎಲ್ಲಾ ಜೋರಾಗಿ ಹೇಳಿಬಿಡ್ತಾರೆ."

"ಉತ್ತರ ಅಲ್ರೀ, ನೀವಂದಿದ್ದನ್ನ ನಿಮಗ ತಿರುಗಿ ಹೇಳಿದ್ದು" ಎಂದ ಮಾಮ. "ತಿರುಗಿ ಹೇಳದಿದ್ರ ನಾ ಕೇಳಿದೆ ಅಂತ ನಿಮಗ ಹೆಂಗ ಗೊತ್ತಾಗಬೇಕ್ರೀ?"

"ಅದಕ್ಕೇ ಟಿಕ್ ಹಾಕೋದು!"

"ಗುಡ್ಡದಾಗ ಟಿಕ್ ಕಾಣಸಂಗಿಲ್ರೀ."

ಮ್ಯಾನೇಜರ್ ಸಾಹೇಬರು ಕೆಟ್ಟವರಲ್ಲ. ಮೇಲಿನ ಆಫೀಸಿಗೂ ಗುಡ್ಡಕ್ಕೂ ನಡುವೆ ಸಿಕ್ಕಿಕೊಂಡು ಬಡವಾದವರು. ಹಣೆ ಒತ್ತಿಕೊಂಡರು. "ಮುಂದಿನ ವಾರ ಇನ್ನೊಂದು ಸಲ ಪರೀಕ್ಷೆ ಇಡೋಣ. ಬಾಯಿ ತೆರೆದವರು ಫೇಲ್. ಒಂದು ಗಂಟೆ ಬಾಯಿ ಮುಚ್ಚಿಕೊಂಡು ಕೂತ್ಕೊಳ್ರಿ, ಸಾಕು."

"ಒಂದು ಗಂಟೆ ಬಾಯಿ ಮುಚ್ಚಿಕೊಂಡು ಕುಂದ್ರಬೇಕು" ಎಂದ ಮಾಮ.

"ಹೂಂ" ಎಂದರು ಅವರು, ತಿಳಿಯದೆ.

"ಕೇಳಿದೆ ರೀ. ಆದ್ರ ಆಗತೈತೋ ಇಲ್ಲೋ ಗೊತ್ತಿಲ್ರೀ."

ಆ ವಾರ ಮಾಮ ಸಂಜೆಯ ಹೊತ್ತು ಕಂಪ್ಲಿಗೆ ಬಂದು ಬಾಯಿ ಮುಚ್ಚುವುದನ್ನು ಕಲಿತ. ಕಲಿಸಿದವಳು ಅತ್ತಿ. ಮದುವೆಯಾದಾಗಿನಿಂದ ಕಾದಿದ್ದ ಅವಕಾಶ ಅವಳಿಗೆ. "ನೀರು ಸೇದು" ಎನ್ನುವಳು. ಮಾಮ ತುಟಿ ಬಿಗಿದು, ಮುಖ ಕೆಂಪಾಗಿ, ಕೊಡ ಹಿಡಿದು ಹೋಗುವನು. ಹೋದವನು ಹಿತ್ತಲಲ್ಲಿ ಎಮ್ಮೆಗೆ, "ನೀರು ಸೇದಬೇಕು" ಎಂದು ಪಿಸುಗುಟ್ಟುವನು. ಎಮ್ಮೆ ಹೂಂ ಎಂದಂತೆ ತಲೆಯಾಡಿಸಿದರೆ ಸಮಾಧಾನ. ಮೂರನೆಯ ದಿನಕ್ಕೆ ಎಮ್ಮೆಯೂ ಬೇಕಾಗಲಿಲ್ಲ. ನಾವೆಲ್ಲ ಹಿಗ್ಗಿದೆವು. ಮಾಮ ಪಾಸಾಗುತ್ತಾನೆ, ಬಾವುಟ ಉಳಿಯುತ್ತದೆ ಎಂದು ಅಜ್ಜಿ ಶೇಂಗಾ ಹೋಳಿಗೆಗೆ ಬೆಲ್ಲ ತರಿಸಿದಳು.

ಪರೀಕ್ಷೆಯ ಹಿಂದಿನ ಸಂಜೆ ನಾನು ಅಜ್ಜಿಯ ಮನೆಗೆ ಹೋದಾಗ ಮಾಮ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಏನಾಯಿತೆಂದು ಕೇಳಿದೆ.

"ಇವತ್ತು ಮಧ್ಯಾಹ್ನ ನಾಲ್ಕೂ ಬಾಯಿ ಬಂದ ಮ್ಯಾಲ ಕೆರಿ ಕಡೆಯವ ಹೇಳ್ದ, 'ನಿಂದ್ರಸ್ರಿ, ಒಬ್ಬ ಕುರಿ ಹೊಡಕೊಂಡು ಬರಾಕತ್ಯಾನ' ಅಂತ. ನನಗ ಕೇಳಿಸ್ತು. ನಿಂದ್ರಸಬೇಕು ಅಂತ ತಲ್ಯಾಗ ಅಂದ್ಕೊಂಡೆ. ಬಾಯಾಗ ಅನ್ನಲಿಲ್ಲ. ಅಂದೆ ಅಂತ ತಿಳ್ಕೊಂಡು ಕುಂತೆ." ಅಂಗೈಯನ್ನು ತೊಡೆಗೆ ಉಜ್ಜಿಕೊಂಡ. "ಬ್ಲಾಸ್ಟರ್ ನನ್ನ ಮಾರಿ ನೋಡ್ಕೊಂತ ನಿಂತಿದ್ದ. ಅವಗ ನಿಂದ್ರು ಅಂತ ನಾ ಹೇಳೇ ಇಲ್ಲ. ಕೆರಿ ಕಡೆಯವ ಮತ್ತೊಂದು ಸಲ ಕೂಗಿದ ಮ್ಯಾಲ ಎಚ್ಚರಾತು."

"ಏನೂ ಆಗಲಿಲ್ಲಲ್ಲ ಮಾಮ?"

"ಏನೂ ಆಗಲಿಲ್ಲ" ಎಂದು ತಿರುಗಿ ಹೇಳಿದ.

ಮರುದಿನ ಅವನು ಹಾಲಿಗೆ ಹೋದ, ಮೊದಲ ಬೆಂಚಿನಲ್ಲಿ ಕೂತ. ತರಬೇತುದಾರ, "ಬಿಗಿನ್" ಎಂದ. ಮಾಮ ಎದ್ದು ನಿಂತು, ನಿಧಾನವಾಗಿ, ಸ್ಪಷ್ಟವಾಗಿ, "ಬಿಗಿನ್" ಎಂದ. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡು, ಬೆಂಚಿನ ಕೆಳಗಿನ ಹೆಲ್ಮೆಟ್ ತೆಗೆದುಕೊಂಡು ಹೊರಗೆ ಬಂದ. ಉಳಿದ ಇಪ್ಪತ್ತೊಂದು ಮಂದಿ ತುಟಿ ಬಿಚ್ಚಲಿಲ್ಲ. ಅವರ ಕಣ್ಣು ಬಾಗಿಲ ತನಕ ಅವನನ್ನು ಕಳಿಸಿಕೊಟ್ಟವು, ಆಮೇಲೆ ಹಾಳೆಗೆ ಇಳಿದವು. ಎಲ್ಲರೂ ಪಾಸಾದರು. ಒಬ್ಬೊಬ್ಬರಿಗೂ ಎದೆಗೆ ಚುಚ್ಚಿಕೊಳ್ಳುವ ಹಿತ್ತಾಳೆ ಬಣ್ಣದ ಬಿಲ್ಲೆ ಕೊಟ್ಟರು. ಅಭ್ಯರ್ಥಿಗಳಲ್ಲಿ ಮೌನ ಬಹಳ ಚೆನ್ನಾಗಿ ಬೇರೂರಿದೆ ಎಂದು ತರಬೇತುದಾರ ವರದಿ ಬರೆದನಂತೆ. ಅವನ ವರದಿಗಳಲ್ಲಿ ಅಷ್ಟು ನಿಜವಾದ ಮಾತು ಇನ್ನೊಂದಿರಲಿಕ್ಕಿಲ್ಲ.

ಮಾಮ ಗೆಸ್ಟ್‌ಹೌಸಿನ ತೋಟಕ್ಕೆ ಹೋದ. ನೋಡಲು ಹೋದೆ. ಪೈಪು ಹಿಡಿದು ಗುಲಾಬಿಗೆ ನೀರು ಬಿಡುತ್ತಿದ್ದ. ಅಡುಗೆಯವನು ಕಿಟಕಿಯಿಂದ, "ಯಜಮಾನ್ರೇ, ಎರಡು ನಿಂಬೆಹಣ್ಣು" ಎಂದ. "ಎಲ್ಡು ನಿಂಬಿಹಣ್ಣು, ಅಡಗಿಮನಿಗೆ" ಎಂದು ಇವನು ಕೂಗಿ ಹೇಳಿದ. ದನಿ ಗುಡ್ಡದ್ದು, ನಿಂಬೆಗಿಡದ ಮೇಲಿನ ಗುಬ್ಬಿಗಳು ಎದ್ದು ಹೋದವು. ಮಧ್ಯಾಹ್ನ ಆಗುತ್ತಿದ್ದಂತೆ ನೀರು ನಿಲ್ಲಿಸಿ ಗುಡ್ಡದ ಕಡೆ ಕಿವಿಗೊಟ್ಟ. ಸೈರನ್ ಕೂಗಿತು, ನಿಂತಿತು. ಆಮೇಲೆ ಏನೂ ಕೇಳಿಸಲಿಲ್ಲ.

"ಇವತ್ತೂ ಹಾರಿಸಲಿಲ್ಲ" ಎಂದ.

ಹೌದು, ಮೂರು ದಿನದಿಂದ ಕಲ್ಲು ಸಿಡಿದಿರಲಿಲ್ಲ. ಮಾಮನ ಜಾಗಕ್ಕೆ ಬಂದ ಬಿಲ್ಲೆಯ ಮೇಟ್ ವಾಕಿಟಾಕಿಯಲ್ಲಿ, "ದಾರಿ ಬಂದ್ ಮಾಡ್ರಿ" ಎನ್ನುತ್ತಿದ್ದ. ನಾಲ್ಕು ಕಡೆಯಿಂದಲೂ ಪಾಸಾದವರ ಮೌನ. ಅವರು ಕೇಳಿಸಿಕೊಂಡರೋ, ದಾರಿ ಬಂದ್ ಆಯಿತೋ, ಯಾರಾದರೂ ಕುರಿ ಹೊಡೆದುಕೊಂಡು ಬರುತ್ತಿದ್ದಾರೋ, ದೇವರಿಗೇ ಗೊತ್ತು. ಬ್ಲಾಸ್ಟರ್ ಹಳೆಯ ಮನುಷ್ಯ. ನಾಲ್ಕು ಬಾಯಿ ಬರುವ ತನಕ ತಾನು ಗುಂಡಿ ಒತ್ತುವುದಿಲ್ಲ, ಬೇಕಾದರೆ ತನ್ನನ್ನೂ ತೋಟಕ್ಕೆ ಕಳಿಸಲಿ ಎಂದು ಕೈಕಟ್ಟಿ ಕೂತುಬಿಟ್ಟ. ಕೆಳಗೆ ತುಂಬಲು ಬಂದ ಲಾರಿಗಳ ಸಾಲು ಯಶವಂತನಗರ ದಾಟಿತು.

ನಾಲ್ಕನೆಯ ದಿನ ಮ್ಯಾನೇಜರ್ ಸಾಹೇಬರು ತಾವೇ ತೋಟಕ್ಕೆ ಬಂದರು. ಗುಲಾಬಿಗಳನ್ನು ಹೊಗಳಿದರು. ಆಮೇಲೆ, "ನಾಳೆ ಮೇಲೆ ಹೋಗ್ರಿ" ಎಂದರು.

"ನಾಳೆ ಮ್ಯಾಲ ಹೋಗಬೇಕು."

"ಹೂಂ."

"ಪರೀಕ್ಷಾ?"

"ಅದನ್ನ ಆಮೇಲೆ ನೋಡೋಣ."

"ಅದನ್ನ ಆಮೇಲೆ ನೋಡಬೇಕು" ಎಂದ ಮಾಮ. ಅವರು ಹೂಂ ಎನ್ನಲಿಲ್ಲ. ಗೇಟಿನ ಕಡೆ ನಡೆದರು. ಕಂಪನಿಯ ಕಾಗದದಲ್ಲಿ ಮಾಮ ಇವತ್ತಿಗೂ ತೋಟದವನೇ.

ಅವನು ಮತ್ತೆ ಮೇಲೆ ಹೋದ ದಿನ ನಾನು ಅಜ್ಜಿ ಕೊಟ್ಟ ಹೋಳಿಗೆಯ ಡಬ್ಬಿ ಹಿಡಿದು ಹೊಸಪೇಟೆಯಿಂದ ಸಂಡೂರಿನ ಬಸ್ಸು ಹತ್ತಿದ್ದೆ. ಯಶವಂತನಗರ ಇನ್ನೇನು ಬಂತು ಎನ್ನುವಾಗ ಕೆಂಪು ಬಾವುಟ ಅಡ್ಡ ಬಂತು. ಬಸ್ಸು ನಿಂತಿತು. ಹಿಂದೆ ಲಾರಿಗಳು. ಬಾವುಟ ಹಿಡಿದವನು ದಪ್ಪ ಮೀಸೆಯ ಆಳು, ಎದೆಯ ಮೇಲೆ ಹಿತ್ತಾಳೆ ಬಣ್ಣದ ಬಿಲ್ಲೆ. ಹಿಂದಿನ ಬೆಂಚಿನಿಂದ "ಕಾಯೋದು" ಎಂದು ಕೂಗಿದ್ದವನು ಅವನೇ. ಕೈಯಲ್ಲಿ ವಾಕಿಟಾಕಿ. ಅದರಿಂದ ಮಾಮನ ದನಿ ಬಂತು.

"ಕೆರಿ ಕಡೆ, ದಾರಿ ಬಂದ್ ಮಾಡ್ರಿ."

ಸ್ವಲ್ಪ ತಡೆದು, ಕೆಮ್ಮಿ, ಒಂದು ದನಿ, "ದಾರಿ ಬಂದ್ ಮಾಡೀವಿ, ಕೆರಿ ಕಡೆ" ಎಂದಿತು. ಹೊಲದ ಕಡೆಯವನನ್ನು ಎರಡು ಸಲ ಕೇಳಬೇಕಾಯಿತು. ಗುಡಿ ಕಡೆಯವನನ್ನೂ ಎರಡು ಸಲ.

"ರಸ್ತಿ ಕಡೆ, ದಾರಿ ಬಂದ್ ಮಾಡ್ರಿ."

ನಮ್ಮ ಮೀಸೆಯವನು ವಾಕಿಟಾಕಿಯ ಕಡೆ ನೋಡಿ, ಬಹಳ ವಿನಯದಿಂದ ತಲೆಯಾಡಿಸಿದ.

"ರಸ್ತಿ ಕಡೆ?"

ಮತ್ತೆ ತಲೆಯಾಡಿಸಿದ, ಈ ಸಲ ಇನ್ನೂ ಜೋರಾಗಿ.

ಕಂಡಕ್ಟರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಅಣ್ಣಾ, ಗೋಣು ಅಲ್ಲಾಡಿಸಿದ್ರ ಅದ್ರಾಗ ಕಾಣಸ್ತೈತೇನು?"

"ಬಾಯಿ ತೆರದ್ರ ಫೇಲ್ ಅಂದಾರ" ಎಂದ ಮೀಸೆಯವನು, ತುಟಿ ಅಲ್ಲಾಡಿಸದೆ.

"ಯಾವ ಕಾಲದಾಗ ಅಂದಾರಲೇ? ಪರೀಕ್ಷಾ ಮುಗಿದು ವಾರ ಆತು" ಎಂದು ಹಿಂದಿನ ಲಾರಿಯವನು ಇಳಿದು ಬಂದ.

"ಬಿಲ್ಲಿ ಕಿತ್ಕೊಂಡ್ರ?"

ಪುಂಡಿಪಲ್ಯೆ ಸೊಪ್ಪಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲಿ ಕೂತಿದ್ದ ಮುದುಕಿಗೆ ತಾಳ್ಮೆ ಮುಗಿಯಿತು. "ನನ್ನ ಪಲ್ಯ ಬಾಡಾಕತ್ತೈತಿ. ಅಂಥಾದ್ದೇನೈತಿ ಅನ್ನೋದು? ನಾವ ಅಂತೀವಿ ತಗೋ" ಎಂದು ಕಿಟಕಿಯಿಂದ ಕೂಗಿದಳು. ಅವಳ ಹಿಂದೆ ಕಂಡಕ್ಟರ್, ಅವನ ಹಿಂದೆ ಇಡೀ ಬಸ್ಸು, ನಾನೂ, "ದಾರಿ ಬಂದ್ ಮಾಡೀವಿ, ರಸ್ತಿ ಕಡೆ!"

ವಾಕಿಟಾಕಿ ಒಂದು ಗಳಿಗೆ ಗೊರಗೊರ ಎಂದಿತು.

"ಎಷ್ಟು ಮಂದಿ ಅದೀರಲೇ ಅಲ್ಲಿ?" ಎಂದ ಮಾಮ. "ಬಸ್ಸಿನವರು ಬ್ಯಾಡ. ಬಾವುಟ ಹಿಡದವ ಅನ್ನಬೇಕು. ನಾ ಕಾಯ್ತೀನಿ."

ಇನ್ನು ಅವನು ಕಾಯುತ್ತಾನೆಂದರೆ ಕಾಯುತ್ತಾನೆ. ಹೊಸ್ತಿಲಲ್ಲಿ ಚೀಲ ಹಿಡಿದು ನಿಂತವನನ್ನು ನಾನು ಕಂಡಿದ್ದೇನೆ. ಕೆಳಗಿಳಿದು ಮೀಸೆಯವನ ಹತ್ತಿರ ಹೋಗಿ, "ಅಣ್ಣ, ಅವನು ನಮ್ಮ ಮಾಮ. ಹೊತ್ತು ಮುಳುಗಿದ್ರೂ ಬಿಡಂಗಿಲ್ಲ" ಎಂದೆ. ಅವನು ನನ್ನನ್ನು ನೋಡಿದ, ಬಸ್ಸನ್ನು ನೋಡಿದ, ಲಾರಿಗಳ ಸಾಲನ್ನು ನೋಡಿದ. ಎದೆಯ ಮೇಲಿನ ಬಿಲ್ಲೆಯನ್ನು ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡು ಗುಂಡಿ ಹಾಕಿದ. ವಾಕಿಟಾಕಿಯನ್ನು ಬಾಯಿಯ ಹತ್ತಿರ ತಂದ.

"ದಾರಿ ಬಂದ್ ಮಾಡೀವಿ" ಎಂದ. ದನಿಗೆ ತುಕ್ಕು ಹಿಡಿದಿತ್ತು. "ರಸ್ತಿ ಕಡೆ. ಒಂದು ಬಸ್ಸು, ಏಳು ಲಾರಿ. ಯಾರೂ ದಾಟಿಲ್ಲ."

"ಹೂಂ" ಎಂದ ಮಾಮ.

ಸೈರನ್ ಕೂಗಿತು. ಆಮೇಲೆ ಕಾಲಡಿಯ ನೆಲ ಒಂದು ಸಲ ಎದ್ದು ಕೂತಿತು. ಗುಡ್ಡದ ಆ ಮಗ್ಗುಲಲ್ಲಿ ಕೆಂಪು ಧೂಳು ಮೇಲೇರಿ, ಗಾಳಿಗೆ ಬಾಗಿ, ನಮ್ಮ ಕಡೆ ಬರದೆ ಆಚೆ ಹೋಯಿತು. ಮುದುಕಿ ಪಲ್ಯದ ಮೇಲೆ ಸೆರಗು ಮುಚ್ಚಿದಳು. ಬಾವುಟ ಕೆಳಗಿಳಿಯಿತು. ನಾನು ಮತ್ತೆ ಹತ್ತಿ ಕೂತೆ.

ಕಂಡಕ್ಟರ್ ಬಾಗಿಲು ಎಳೆದುಕೊಂಡು, "ರೈಟ್" ಎಂದ.

ಡ್ರೈವರ್ ಗೇರಿನ ಮೇಲೆ ಕೈಯಿಟ್ಟು, ಹಿಂದೆ ತಿರುಗಿ, "ರೈಟ್" ಎಂದು ಅವನ ಮುಖ ನೋಡಿದ.

"ಹೂಂ" ಎಂದ ಕಂಡಕ್ಟರ್. ಬಸ್ಸು ಹೊರಟಿತು.